ಬೆಟ್ಟದ ದೀರ್ಘ ಚಾರಣ: ಕಾಲಿಗಿಂತ ಮೊದಲು ನಕ್ಷೆಯ ಮೇಲೆ ನಡೆಯಿರಿ

ಹಲವು ದಿನಗಳ ಬೆಟ್ಟದ ಚಾರಣಕ್ಕೆ ಮನಸ್ಸು ಮಾಡಿದವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಶೂ ಬಗ್ಗೆ, ಆಮೇಲೆ ಬೆನ್ನುಚೀಲದ ಬಗ್ಗೆ. ಅಂಗಡಿಯಿಂದ ಆರಂಭಿಸುವುದರಲ್ಲಿ ಒಂದು ಸುಖವಿದೆ, ಇಲ್ಲವೆನ್ನುವುದಿಲ್ಲ. ಆದರೆ ಶೂ ಎಷ್ಟೇ ಒಳ್ಳೆಯದಿರಲಿ, ಎಂಟು ಗಂಟೆಯ ಹಾದಿಯನ್ನು ಐದು ಗಂಟೆಯದೆಂದು ಬರೆದುಕೊಂಡು ಹೊರಟವರನ್ನು ಅದು ಕಾಪಾಡುವುದಿಲ್ಲ. ಕತ್ತಲಲ್ಲಿ ತಂಗುವ ಜಾಗಕ್ಕಾಗಿ ತಡಕಾಡುವುದು, ಮರುದಿನ ನಿದ್ದೆಗೆಟ್ಟು ತಡವಾಗಿ ಹೊರಡುವುದು, ಮೂರನೆಯ ದಿನಕ್ಕೆ ಮೊಣಕಾಲು ಊದಿಕೊಳ್ಳುವುದು, ಇವೆಲ್ಲ ಒಂದೇ ತಪ್ಪು ಲೆಕ್ಕದ ಮಕ್ಕಳು ಮರಿಗಳು. ಆದ್ದರಿಂದ ಇಲ್ಲಿನ ಕ್ರಮ ಬೇರೆ: ಮೊದಲು ಕಾಲ, ನಂತರ ದಿನಗಳ ಲೆಕ್ಕ, ಅದಾದ ಮೇಲೆ ನಡುವೆ ಹೊರಬರುವ ದಾರಿಗಳು. ಈ ಮೂರು ಗಟ್ಟಿಯಾದರೆ ಚೀಲದೊಳಗೆ ಏನಿರಬೇಕೆಂಬುದು ಬಹುಪಾಲು ತಾನಾಗಿಯೇ ತೀರ್ಮಾನವಾಗುತ್ತದೆ.

1. ಕಾಲವನ್ನು ಆರಿಸಿ, ಹಾದಿ ಆಮೇಲೆ

ರಜೆ ಸಿಗುವ ತಿಂಗಳಿಗೆ ಹೊಂದುವ ಹಾದಿಯನ್ನು ಹುಡುಕಬೇಕೇ ಹೊರತು ಇಷ್ಟಪಟ್ಟ ಹಾದಿಯನ್ನು ಸಿಕ್ಕಿದ ರಜೆಯೊಳಗೆ ತುರುಕಬಾರದು. ಎತ್ತರದ ಬೆಟ್ಟಗಳಲ್ಲಿ ನಡೆಯಲು ಯೋಗ್ಯವಾದ ಅವಧಿ ಚಿಕ್ಕದು. ಆಲ್ಪ್ಸ್ ಪರ್ವತಗಳ ಎತ್ತರದ ತಂಗುಮನೆಗಳಲ್ಲಿ ಬಹುಪಾಲು ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಾತ್ರ ಊಟ, ಹಾಸಿಗೆ ಸಿಗುತ್ತವೆ. ನೇಪಾಳದ ಹಿಮಾಲಯದಲ್ಲಿ ಮುಂಗಾರು ಸರಿದ ಮೇಲಿನ ಅಕ್ಟೋಬರ್ ಮತ್ತು ನವೆಂಬರ್ ಎಲ್ಲಕ್ಕಿಂತ ಸ್ವಚ್ಛವಾದ ತಿಂಗಳುಗಳು. ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಹಾದಿ ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿಯವರೆಗೆ ಸುಮಾರು 4,265 ಕಿ.ಮೀ. ಉದ್ದವಿದೆ. ಅದನ್ನು ದಕ್ಷಿಣದಿಂದ ಪೂರ್ತಿ ನಡೆಯುವವರು ಹೆಚ್ಚಾಗಿ ವಸಂತದಲ್ಲೇ ಹೊರಡುತ್ತಾರೆ. ಮರುಭೂಮಿಯನ್ನು ಬಿಸಿಲು ಏರುವ ಮುನ್ನ ದಾಟಬೇಕು, ಸಿಯೆರಾ ನೆವಾಡಾ ಪರ್ವತಸಾಲಿಗೆ ಹಿಮ ಕರಗುವ ಹೊತ್ತಿಗೆ ತಲುಪಬೇಕು, ಉತ್ತರದ ತುದಿಯನ್ನು ಶರತ್ಕಾಲದ ಹೊಸ ಹಿಮ ಬೀಳುವುದರೊಳಗೆ ಮುಟ್ಟಬೇಕು. ಅಷ್ಟು ಉದ್ದದ ನಡಿಗೆಯ ವೇಳಾಪಟ್ಟಿಯನ್ನು ಬರೆಯುವುದು ನಡೆಯುವವರಲ್ಲ, ಹಿಮ.

ಊರಿನ ಹವಾಮಾನವನ್ನು ನೋಡಿ ಬೆಟ್ಟದ ಚಳಿಯನ್ನು ಅಂದಾಜು ಮಾಡಬೇಡಿ. ಸರಾಸರಿ ಹೇಳುವುದಾದರೆ ಪ್ರತಿ 1,000 ಮೀಟರ್ ಏರಿದಾಗ ಉಷ್ಣಾಂಶ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕಣಿವೆಯಲ್ಲಿ 20 ಡಿಗ್ರಿ ಇರುವಾಗ ಅದಕ್ಕಿಂತ 2,500 ಮೀಟರ್ ಮೇಲಿರುವ ಕಣಿವೆಮಾರ್ಗದಲ್ಲಿ (ಎರಡು ಶಿಖರಗಳ ನಡುವೆ ಬೆಟ್ಟಸಾಲನ್ನು ದಾಟುವ ತಗ್ಗಿನಲ್ಲಿ) 4 ಡಿಗ್ರಿಯ ಆಸುಪಾಸು ಇರುತ್ತದೆ. ಅಲ್ಲಿ ಗಾಳಿ ಬೀಸಿದರೆ ಮೈಗೆ ತಟ್ಟುವ ಚಳಿ ಇನ್ನೂ ಹೆಚ್ಚು. ಹಗಲಿನ ಉದ್ದವನ್ನೂ ಇದೇ ಹಂತದಲ್ಲಿ ನೋಡಿಕೊಳ್ಳಿ. ಸೂರ್ಯೋದಯ, ಸೂರ್ಯಾಸ್ತದ ಸಮಯವನ್ನು ಯೋಜನೆಯ ಹಾಳೆಯ ತಲೆಯಲ್ಲೇ ಬರೆದಿಟ್ಟರೆ ಮುಂದಿನ ಲೆಕ್ಕಗಳೆಲ್ಲ ಹತೋಟಿಯಲ್ಲಿರುತ್ತವೆ.

ಮೊದಲ ಸಲ ಹೊರಡುವವರಿಗೆ ಐದರಿಂದ ಎಂಟು ದಿನಗಳ ಹಾದಿ ಸಾಕು. ಅಷ್ಟು ದಿನದಲ್ಲಿ ದೇಹ ಒಮ್ಮೆ ದಣಿದು, ಒಗ್ಗಿಕೊಂಡು, ಮತ್ತೆ ಲಯ ಹಿಡಿಯುವುದನ್ನು ಕಾಣಬಹುದು. ಹೆಸರಾಂತ ಹಾದಿಯೇ ಆಗಬೇಕೆಂಬ ಹಟ ಬೇಡ. ಗುರುತುಫಲಕಗಳಿರುವ, ಒಂದೆರಡು ದಿನಕ್ಕೊಮ್ಮೆ ರಸ್ತೆಯನ್ನೋ ಹಳ್ಳಿಯನ್ನೋ ಮುಟ್ಟುವ ಹಾದಿ ಮೊದಲ ಸಲಕ್ಕೆ ಮೇಲು.

2. ಕಿಲೋಮೀಟರನ್ನು ನಂಬಬೇಡಿ

ಯೋಜನೆಯ ಹೃದಯ ಇರುವುದು ಇಲ್ಲಿ. ಸಮತಟ್ಟಾದ ರಸ್ತೆಯಲ್ಲಿ ದಿನಕ್ಕೆ 25 ಕಿ.ಮೀ. ಆರಾಮವಾಗಿ ನಡೆಯಬಲ್ಲವರು ಬೆಟ್ಟದಲ್ಲಿ 14 ಕಿ.ಮೀ. ನಡೆಯಲು ಇಡೀ ಹಗಲನ್ನು ಕಳೆಯಬಹುದು. ಬೆಟ್ಟದ ಹಾದಿಯ ನಿಜವಾದ ಅಳತೆ ಏರು. ಮಾಂಟ್ ಬ್ಲಾಂಕ್ ಸುತ್ತಿನ ಪ್ರಸಿದ್ಧ ಹಾದಿ ಫ್ರಾನ್ಸ್, ಇಟಲಿ, ಸ್ವಿಟ್ಜರ್‌ಲೆಂಡ್‌ಗಳನ್ನು ಹಾದುಹೋಗುತ್ತದೆ. ಅದರ ಉದ್ದ ಸುಮಾರು 170 ಕಿ.ಮೀ. ಮಾತ್ರ, ಆದರೂ ಜನ ಅದಕ್ಕೆ ಹತ್ತು ಹನ್ನೊಂದು ದಿನ ತೆಗೆದುಕೊಳ್ಳುತ್ತಾರೆ. ಕಾರಣ, ಆ ಹಾದಿಯ ಒಟ್ಟು ಏರು ಸುಮಾರು 10,000 ಮೀಟರ್.

ಏರನ್ನು ಸಮಯಕ್ಕೆ ಬದಲಾಯಿಸಲು ಒಂದು ಹಳೆಯ ಸೂತ್ರವಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟದ್ದು ಇಂದಿಗೂ ಬಳಕೆಯಲ್ಲಿದೆ. ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇಳಿತಕ್ಕೆ ಆಮೇಲೆ ಬಂದ ತಿದ್ದುಪಡಿಯೂ ಉಪಯುಕ್ತ. ಹದವಾದ ಇಳಿಜಾರಾದರೆ ಪ್ರತಿ 300 ಮೀಟರಿಗೆ ಹತ್ತು ನಿಮಿಷ ಕಳೆಯಿರಿ, ಕಡಿದಾದ ಇಳಿಜಾರಾದರೆ ಹತ್ತು ನಿಮಿಷ ಕೂಡಿಸಿ. ಇಳಿಯುವುದು ಸಲೀಸು ಎಂದು ನಂಬಿದವರಿಗೆ ಈ ಎರಡನೆಯ ಭಾಗ ಹಿಡಿಸುವುದಿಲ್ಲ. ಸಡಿಲ ಕಲ್ಲಿನ ಇಳಿಜಾರನ್ನು ಹೊರೆ ಹೊತ್ತು ಒಮ್ಮೆ ಇಳಿದರೆ ಅಭಿಪ್ರಾಯ ಬದಲಾಗುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ದಿನದ ಹಾದಿ 18 ಕಿ.ಮೀ., ಏರು 1,200 ಮೀಟರ್. ದೂರಕ್ಕೆ 3 ಗಂಟೆ 36 ನಿಮಿಷ, ಏರಿಗೆ 2 ಗಂಟೆ, ಒಟ್ಟು 5 ಗಂಟೆ 36 ನಿಮಿಷ. ಇಷ್ಟಕ್ಕೇ ನಿಲ್ಲಿಸಬೇಡಿ. ನೈಸ್ಮಿತ್ ಲೆಕ್ಕ ಗಟ್ಟಿಮುಟ್ಟಾದ, ಹಗುರ ಹೊರೆಯ, ನಡುವೆ ಎಲ್ಲೂ ಕೂರದ ಮನುಷ್ಯನದು. ಹತ್ತು ಹನ್ನೆರಡು ಕಿಲೋ ಹೊತ್ತು, ನೀರು ತುಂಬಿಸಿಕೊಂಡು, ಊಟಕ್ಕೆ ಕೂತು, ಫೋಟೋ ತೆಗೆದು ನಡೆಯುವ ನಮ್ಮಂಥವರು ಅದನ್ನು ಒಂದೂವರೆಯಿಂದ ಗುಣಿಸಬೇಕು. ಆಗ ಬರುವುದು ಸುಮಾರು ಎಂಟೂವರೆ ಗಂಟೆ. ಬೆಳಿಗ್ಗೆ ಏಳಕ್ಕೆ ಹೊರಟರೆ ಮಧ್ಯಾಹ್ನ ಮೂರೂವರೆ. ಇದು ಒಪ್ಪಬಹುದಾದ ದಿನ. ಇದೇ ಹಾದಿಗೆ ಒಂಬತ್ತೂವರೆಗೆ ಹೊರಟರೆ ತಲುಪುವಾಗ ಸಂಜೆ ಆರು. ಒಂದು ಜೋರು ಮಳೆ ಅಡ್ಡ ಬಂದರೂ ಕತ್ತಲು ಖಚಿತ. ಕತ್ತಲಿಗೆ ಕನಿಷ್ಠ ಎರಡು ಗಂಟೆ ಮೊದಲೇ ತಂಗುವ ಜಾಗ ಮುಟ್ಟುವಂತೆ ಪ್ರತಿ ದಿನವನ್ನೂ ಹೊಂದಿಸಿ. ಗುಂಪಿನಲ್ಲಿ ಹೋಗುವುದಾದರೆ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗವೇ ಗುಂಪಿನ ವೇಗ. ಸರಾಸರಿ ತೆಗೆಯುವ ಪ್ರಶ್ನೆಯೇ ಇಲ್ಲ.

ಏರನ್ನು ಲೆಕ್ಕ ಹಾಕಲು ಸಮೋನ್ನತಿ ರೇಖೆಗಳಿರುವ, ಅಂದರೆ ಒಂದೇ ಎತ್ತರದ ಜಾಗಗಳನ್ನು ಗೆರೆಯಿಂದ ಜೋಡಿಸಿರುವ ನಕ್ಷೆ ಬೇಕು. 1:50,000 ಪ್ರಮಾಣದ ನಕ್ಷೆಯಲ್ಲಿ 1 ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. 1:25,000 ಆದರೆ 250 ಮೀಟರ್. ರೇಖೆಗಳು ಒತ್ತೊತ್ತಾಗಿ ಬಂದಲ್ಲಿ ನೆಲ ಕಡಿದು. ಮೊಬೈಲ್ ಆ್ಯಪ್‌ಗಳು ಏರಿನ ಮೊತ್ತವನ್ನು ಕ್ಷಣದಲ್ಲಿ ಕೊಡುತ್ತವೆ, ಬಳಸಿಕೊಳ್ಳಿ. ಆದರೆ ಒಮ್ಮೆಯಾದರೂ ಕಾಗದದ ನಕ್ಷೆಯ ಮೇಲೆ ಪೆನ್ಸಿಲ್ ಹಿಡಿದು ಇಡೀ ಹಾದಿಯನ್ನು ನಡೆದು ನೋಡಿ. ಎಲ್ಲಿ ತೊರೆ ದಾಟಬೇಕು, ಎಲ್ಲಿ ಏಣಿನ (ಬೆಟ್ಟದ ನೆತ್ತಿಯ ಕಿರಿದಾದ ಸಾಲಿನ) ಮೇಲೆ ಗಾಳಿಗೆ ಮೈಯೊಡ್ಡಿ ನಡೆಯಬೇಕು, ಎಲ್ಲಿ ಹಾದಿ ಎರಡಾಗಿ ಕವಲೊಡೆಯುತ್ತದೆ ಎಂಬುದು ಹಾಗೆ ನೋಡಿದಾಗ ನೆನಪಿನಲ್ಲಿ ಉಳಿಯುತ್ತದೆ. ಆ್ಯಪ್ ತೋರಿಸುವ ಒಟ್ಟು ಸಂಖ್ಯೆಯಲ್ಲಿ ಅದು ಕಾಣುವುದಿಲ್ಲ.

ದಿನಗಳನ್ನು ಹೀಗೆ ಕತ್ತರಿಸಿದ ಮೇಲೆ ಎರಡು ಬದಲಾವಣೆ ಮಾಡಿ. ಮೊದಲ ಎರಡು ದಿನಗಳನ್ನು ಉಳಿದವಕ್ಕಿಂತ ಚಿಕ್ಕದಾಗಿಡಿ, ಏಕೆಂದರೆ ಚೀಲ ಅತಿ ಭಾರವಾಗಿರುವುದು ಮತ್ತು ಭುಜ ಅತಿ ಮೃದುವಾಗಿರುವುದು ಆಗಲೇ. ಐದಾರು ದಿನಕ್ಕೊಂದರಂತೆ ಖಾಲಿ ದಿನ ಇಡಿ. ಮಳೆ ಹಿಡಿದುಕೊಂಡರೆ, ಕಾಲು ನೋವಾದರೆ, ತೊರೆ ಉಕ್ಕಿದರೆ ಆ ದಿನವನ್ನು ಖರ್ಚು ಮಾಡಬಹುದು. ಏನೂ ಆಗದಿದ್ದರೆ ಒಂದು ಕೆರೆಯ ದಂಡೆಯಲ್ಲಿ ಕಾಲು ಚಾಚಿ ಕೂರಬಹುದು. ಊರಿಗೆ ಮರಳುವ ವಿಮಾನವನ್ನೋ ರೈಲನ್ನೋ ನಡಿಗೆ ಮುಗಿಯುವ ದಿನದ ಸಂಜೆಗೇ ಕಾಯ್ದಿರಿಸುವವರು ಈ ಖಾಲಿ ದಿನವನ್ನು ತಾವೇ ಅಳಿಸಿಹಾಕಿದಂತೆ. ಕೆಟ್ಟ ಹವೆಯಲ್ಲಿ ಕಣಿವೆಮಾರ್ಗ ದಾಟಲು ಮನುಷ್ಯನನ್ನು ದೂಡುವುದು ಸಾಹಸಬುದ್ಧಿಗಿಂತ ಹೆಚ್ಚಾಗಿ ಇಂಥ ಟಿಕೆಟ್ಟುಗಳೇ.

3. ಹೊರಬರುವ ದಾರಿಗಳನ್ನು ಬಣ್ಣದಲ್ಲಿ ಗುರುತಿಸಿ

ಬಹಳ ಮಂದಿ ಆರಂಭದ ಬಿಂದುವನ್ನೂ ಕೊನೆಯ ಬಿಂದುವನ್ನೂ ಗುರುತಿಸಿ ಸುಮ್ಮನಾಗುತ್ತಾರೆ. ನಕ್ಷೆಯನ್ನು ಮತ್ತೊಮ್ಮೆ ಬಿಡಿಸಿ, ಹಾದಿಯಿಂದ ಪಕ್ಕಕ್ಕೆ ಇಳಿದು ರಸ್ತೆಯನ್ನೋ ಜನವಸತಿಯನ್ನೋ ಮುಟ್ಟುವ ಪ್ರತಿ ಕವಲನ್ನೂ ಬೇರೆ ಬಣ್ಣದಲ್ಲಿ ಗೆರೆ ಎಳೆಯಿರಿ. ಪ್ರತಿಯೊಂದಕ್ಕೂ ನೈಸ್ಮಿತ್ ಲೆಕ್ಕ ಹಾಕಿ ಗಂಟೆ ಬರೆಯಿರಿ. ಕೆಳಗೆ ತಲುಪಿದ ಮೇಲೆ ವಾಹನ ಸಿಗುತ್ತದೆಯೇ, ಫೋನ್ ಸಂಪರ್ಕ ಇರುತ್ತದೆಯೇ ಎಂಬುದನ್ನೂ ವಿಚಾರಿಸಿ ಬರೆದಿಡಿ.

ಈ ಕೆಲಸ ಮುಗಿದಾಗ ಹಾದಿಯ ಸ್ವರೂಪವೇ ಬೇರೆಯಾಗಿ ಕಾಣುತ್ತದೆ. ಕೆಲವು ಕಡೆ ಅರ್ಧ ದಿನಕ್ಕೊಂದು ನಿರ್ಗಮನ ಇರುತ್ತದೆ. ಕೆಲವು ಕಡೆ ಎರಡು ದಿನ ಪೂರ್ತಿ ಮುಂದಕ್ಕೆ ಅಥವಾ ಹಿಂದಕ್ಕೆ ಬಿಟ್ಟರೆ ಬೇರೆ ಗತಿ ಇರುವುದಿಲ್ಲ. ಆ ಎರಡನೆಯ ಬಗೆಯ ಭಾಗಕ್ಕೆ ಕಾಲಿಡುವ ಮುನ್ನ ನಿಂತು ಯೋಚಿಸಲು ಒಂದು ಜಾಗ ಗೊತ್ತುಮಾಡಿ. ಆ ಜಾಗದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಮನೆಯಲ್ಲಿ ಕೂತಾಗಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮುಂದಿನ ಎರಡು ದಿನಕ್ಕೆ ಊಟ ಇದೆಯೇ? ಎಲ್ಲರ ಕಾಲು ನೆಟ್ಟಗಿದೆಯೇ? ಹವಾಮಾನದ ಮುನ್ಸೂಚನೆ ಏನು? ದಣಿದ ತಲೆ ಹೊಸ ಪ್ರಶ್ನೆಗಳನ್ನು ಹುಟ್ಟಿಸುವುದಿಲ್ಲ. ಬರೆದಿಟ್ಟ ಪ್ರಶ್ನೆಗೆ ಉತ್ತರ ಮಾತ್ರ ಕೊಡಬಲ್ಲದು.

ಎತ್ತರದ ಕಣಿವೆಮಾರ್ಗಗಳಿಗೆ ಸಾಧ್ಯವಾದರೆ ಕೆಳಗಿನಿಂದ ಸುತ್ತಿ ಬರುವ ಪರ್ಯಾಯ ಹಾದಿಯನ್ನೂ ಹುಡುಕಿಡಿ. ಒಂದು ದಿನ ಹೆಚ್ಚು ಹಿಡಿಯಬಹುದು, ಆದರೆ ಚಾರಣ ನಿಲ್ಲುವುದಿಲ್ಲ.

4. ಅನುಮತಿ, ತಂಗುವ ಜಾಗ, ವಿಮೆ

ರಾಷ್ಟ್ರೀಯ ಉದ್ಯಾನ, ಅರಣ್ಯ, ಗಡಿ ಪ್ರದೇಶಗಳಲ್ಲಿ ಅನುಮತಿಪತ್ರ ಬೇಕಾಗುತ್ತದೆ. ಜನಪ್ರಿಯ ಹಾದಿಗಳಲ್ಲಿ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿರುತ್ತದೆ. ಪೆಸಿಫಿಕ್ ಕ್ರೆಸ್ಟ್ ಹಾದಿಯ ದಕ್ಷಿಣ ತುದಿಯಿಂದ ದೀರ್ಘ ನಡಿಗೆಗೆ ಹೊರಡುವವರಿಗೆ ವಸಂತದ ತಿಂಗಳುಗಳಲ್ಲಿ ದಿನಕ್ಕೆ 50 ಪರವಾನಗಿ ಮಾತ್ರ. ಹೆಸರಾಂತ ಹಾದಿಗಳ ತಂಗುಮನೆಗಳು ತಿಂಗಳುಗಟ್ಟಲೆ ಮೊದಲೇ ತುಂಬಿರುತ್ತವೆ. ಇಲ್ಲಿ ಒಂದು ಸಂಕಟವಿದೆ: ಪ್ರತಿ ರಾತ್ರಿಯ ಜಾಗವನ್ನು ಮುಂಗಡವಾಗಿ ಕಾಯ್ದಿರಿಸಿದರೆ ನಿಮ್ಮ ಖಾಲಿ ದಿನಕ್ಕೆ ಬೆಲೆಯೇ ಇರುವುದಿಲ್ಲ. ಆದ್ದರಿಂದ ಕಾಯ್ದಿರಿಸುವಾಗಲೇ ಖಾಲಿ ದಿನವನ್ನು ಸೇರಿಸಿ, ನಡುವಿನ ಒಂದು ಜಾಗದಲ್ಲಿ ಎರಡು ರಾತ್ರಿ ಬರೆಸಿಬಿಡಿ.

ವಿಮೆ ಕೊಳ್ಳುವಾಗ ಎರಡೇ ವಿಷಯ ನೋಡಿ. ಎಷ್ಟು ಮೀಟರ್ ಎತ್ತರದವರೆಗೆ ಅದು ಅನ್ವಯಿಸುತ್ತದೆ, ಹೆಲಿಕಾಪ್ಟರ್ ರಕ್ಷಣೆ ಸೇರಿದೆಯೇ. ಅನೇಕ ಪ್ರವಾಸ ವಿಮೆಗಳು ಒಂದು ನಿರ್ದಿಷ್ಟ ಎತ್ತರದ ಮೇಲೆ ಕೈಬಿಡುತ್ತವೆ.

5. ನೀರು ಮತ್ತು ಬುತ್ತಿ

ಹೊರೆಯಲ್ಲಿ ಅತಿ ಭಾರವಾದ ಎರಡು ವಸ್ತುಗಳು ಇವು, ಹಾಗಾಗಿ ಚೀಲಕ್ಕಿಂತ ಮುಂಚೆ ಇವುಗಳ ಲೆಕ್ಕ. ಒಂದು ಲೀಟರ್ ನೀರು ಒಂದು ಕಿಲೋ. ಹದವಾದ ಹವೆಯಲ್ಲಿ ನಡೆಯುವಾಗ ಗಂಟೆಗೆ ಅರ್ಧ ಲೀಟರ್ ಎಂದು ಇಟ್ಟುಕೊಳ್ಳಿ, ಬಿಸಿಲಿಗೆ ಹೆಚ್ಚಿಸಿ. ನಕ್ಷೆಯಲ್ಲಿ ನೀಲಿ ಗೆರೆ ಇದ್ದ ಮಾತ್ರಕ್ಕೆ ಆ ತಿಂಗಳಲ್ಲಿ ನೀರಿರುತ್ತದೆ ಎಂದಲ್ಲ. ಇತ್ತೀಚೆಗೆ ನಡೆದವರನ್ನು, ಉದ್ಯಾನದ ಕಚೇರಿಯನ್ನು ಕೇಳಿ ಯಾವ ಒರತೆ ಬತ್ತುತ್ತದೆ ಎಂದು ತಿಳಿದುಕೊಳ್ಳಿ. ಏಣಿನ ಮೇಲಿನ ಹಾದಿಯಲ್ಲಿ ನೀರು ಎಂದೂ ಕೆಳಗಿರುತ್ತದೆ. ಅಂಥ ದಿನ ಬೆಳಿಗ್ಗೆಯೇ ಮೂರ್ನಾಲ್ಕು ಲೀಟರ್ ಹೊರಬೇಕಾದೀತು.

ಎಷ್ಟೇ ತಿಳಿಯಾಗಿ ಕಂಡರೂ ಬೆಟ್ಟದ ನೀರನ್ನು ಶುದ್ಧೀಕರಿಸದೆ ಕುಡಿಯಬೇಡಿ. ಎಲ್ಲಕ್ಕಿಂತ ಖಚಿತ ವಿಧಾನ ಕುದಿಸುವುದು. ನೀರು ಮರಳಲು ಶುರುವಾದ ಮೇಲೆ ಒಂದು ನಿಮಿಷ, 2,000 ಮೀಟರಿಗಿಂತ ಮೇಲಿದ್ದರೆ ಮೂರು ನಿಮಿಷ. ಮೇಲೆ ನೀರು ಕಡಿಮೆ ಉಷ್ಣಾಂಶದಲ್ಲೇ ಕುದಿಯುವುದರಿಂದ ಈ ಹೆಚ್ಚಿನ ಅವಧಿ. ಚಾರಣಿಗರು ಒಯ್ಯುವ ಚಿಕ್ಕ ಫಿಲ್ಟರ್‌ಗಳು ಬ್ಯಾಕ್ಟೀರಿಯಾ ಮತ್ತು ಪರಾವಲಂಬಿಗಳನ್ನು ತಡೆಯುತ್ತವೆ, ಆದರೆ ಬಹುಪಾಲು ಫಿಲ್ಟರ್‌ಗಳು ವೈರಸ್ಸನ್ನು ತಡೆಯುವುದಿಲ್ಲ. ಹಾದಿಯ ಮೇಲ್ಗಡೆ ಜನವಸತಿ ಇದ್ದರೆ ಫಿಲ್ಟರ್ ಜೊತೆಗೆ ನೀರು ಶುದ್ಧೀಕರಿಸುವ ಮಾತ್ರೆಯನ್ನೂ ಬಳಸಿ. ಟೊಳ್ಳು ನಾರಿನ (ನೀರು ಸೋಸುವ ಸೂಕ್ಷ್ಮ ಕೊಳವೆಗಳಿರುವ) ಫಿಲ್ಟರ್ ಒಮ್ಮೆ ಒಳಗೆ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು, ಹೊರಗಿನಿಂದ ನೋಡಿದರೆ ಅದು ಗೊತ್ತೂ ಆಗುವುದಿಲ್ಲ. ಚಳಿಯ ರಾತ್ರಿಗಳಲ್ಲಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿ.

ಆಹಾರದ ಲೆಕ್ಕ ಇನ್ನೂ ಸರಳ: ಒಣ ಪದಾರ್ಥಗಳಾದರೆ ಒಬ್ಬರಿಗೆ ದಿನಕ್ಕೆ 600ರಿಂದ 800 ಗ್ರಾಂ. ಮತ್ತೆ ಸಾಮಾನು ಸಿಗುವ ಜಾಗ ಐದು ದಿನದ ದೂರದಲ್ಲಿದ್ದರೆ ಹೆಚ್ಚೆಂದರೆ ನಾಲ್ಕು ಕಿಲೋ, ಜೊತೆಗೆ ಒಂದು ದಿನದ ತುರ್ತು ಬುತ್ತಿ. ಗ್ರಾಂ ಒಂದಕ್ಕೆ ಕೊಬ್ಬು 9 ಕಿಲೋಕ್ಯಾಲೊರಿ ಕೊಟ್ಟರೆ ಪಿಷ್ಟ ಮತ್ತು ಪ್ರೋಟೀನ್ ಕೊಡುವುದು 4. ಹಾಗಾಗಿ ಬೀಜಗಳು, ಎಣ್ಣೆ, ಕಡಲೆ ಬೆಣ್ಣೆಯಂಥವು ಹೊರೆಗೆ ತಕ್ಕ ಪ್ರತಿಫಲ ಕೊಡುತ್ತವೆ. ಮನೆಯಲ್ಲಿ ಎಂದೂ ತಿನ್ನದ ಪೊಟ್ಟಣದ ಊಟವನ್ನು ಬೆಟ್ಟದಲ್ಲಿ ಮೊದಲ ಸಲ ಬಿಚ್ಚಬೇಡಿ. ದಣಿದ ಹೊಟ್ಟೆ ಒಲ್ಲೆನೆಂದರೆ ಆ ತೂಕವನ್ನು ಹೊತ್ತದ್ದೇ ಬಂತು. ಒಲೆಯ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಅದನ್ನು ಹಾದಿಯ ಬಳಿಯ ಊರಿನಲ್ಲಿ ಕೊಳ್ಳುವ ವ್ಯವಸ್ಥೆ ಮಾಡಿಕೊಳ್ಳಿ.

6. ದೇಹವನ್ನು ಹದಗೊಳಿಸುವುದು

ಹತ್ತು ಹನ್ನೆರಡು ವಾರ ಇಟ್ಟುಕೊಳ್ಳಿ. ಓಟ, ಸೈಕಲ್ ಇವೆಲ್ಲ ಉಸಿರಿಗೆ ಒಳ್ಳೆಯದೇ. ಆದರೆ ಹೊರೆ ಹೊತ್ತು ಏರಿ ಇಳಿಯುವುದಕ್ಕೆ ಅತ್ಯುತ್ತಮ ತಯಾರಿ ಹೊರೆ ಹೊತ್ತು ಏರಿ ಇಳಿಯುವುದೇ. ಬೆಟ್ಟ ಹತ್ತಿರವಿಲ್ಲದವರಿಗೆ ಬಹುಮಹಡಿ ಕಟ್ಟಡದ ಮೆಟ್ಟಿಲುಗಳಿವೆ. ಐದು ಕಿಲೋದಿಂದ ಆರಂಭಿಸಿ ವಾರವಾರಕ್ಕೆ ತೂಕ ಏರಿಸುತ್ತ ನಿಜವಾದ ಹೊರೆಗೆ ಬನ್ನಿ. ಇಳಿಯುವಾಗ ಲಿಫ್ಟ್ ಹಿಡಿಯಬೇಡಿ. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಭಾರ ತಡೆಯಬೇಕಾಗುತ್ತದೆ, ಅಭ್ಯಾಸವಿಲ್ಲದವರಿಗೆ ಮರುದಿನ ಮೆಟ್ಟಿಲು ಕಂಡರೆ ಹೆದರಿಕೆಯಾಗುವ ನೋವು ಬರುವುದು ಇದರಿಂದಲೇ. ಕೊನೆಯ ತಿಂಗಳಲ್ಲಿ ಶನಿವಾರ ಉದ್ದ ನಡಿಗೆ, ಭಾನುವಾರ ಮತ್ತೆ ಉದ್ದ ನಡಿಗೆ, ಹೀಗೆ ಎರಡು ದಿನ ಬೆನ್ನಿಗೆ ಬೆನ್ನು ನಡೆಯಿರಿ. ದೀರ್ಘ ಚಾರಣದ ನಿಜವಾದ ಪರೀಕ್ಷೆ ನೆನ್ನೆಯ ದಣಿವಿನ ಮೇಲೆ ಇಂದು ನಡೆಯುವುದು. ಹೊರಡುವ ಕೊನೆಯ ವಾರ ವಿಶ್ರಾಂತಿ.

ಚಾರಣದ ಕೋಲುಗಳನ್ನು ಮುದುಕರ ಊರುಗೋಲೆಂದು ನಗುವವರಿದ್ದಾರೆ. ನಗಲಿ. ಕಡಿದಾದ ಇಳಿಜಾರಿನಲ್ಲಿ ಅವು ಮೊಣಕಾಲಿನ ಮೇಲಿನ ಭಾರವನ್ನು ಹಂಚಿಕೊಳ್ಳುತ್ತವೆ, ತೊರೆ ದಾಟುವಾಗ ಮೂರನೆಯ ಕಾಲಾಗುತ್ತವೆ.

7. ಈಗ ಚೀಲ

1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ ಅಮೆರಿಕದ ಅಪಲೇಚಿಯನ್ ಹಾದಿಯನ್ನು ಒಬ್ಬಂಟಿಯಾಗಿ ಪೂರ್ತಿ ನಡೆದರು. 3,000 ಕಿ.ಮೀ.ಗೂ ಮಿಕ್ಕಿದ ಆ ನಡಿಗೆಯಲ್ಲಿ ಅವರ ಕಾಲಲ್ಲಿದ್ದದ್ದು ಕ್ಯಾನ್ವಾಸ್ ಶೂ, ಹೆಗಲ ಮೇಲಿದ್ದದ್ದು ಮನೆಯಲ್ಲೇ ಹೊಲಿದ ಚೀಲ. ಹಾಗೆಯೇ ಹೋಗಿ ಎನ್ನುತ್ತಿಲ್ಲ. ದುಬಾರಿ ಸಾಮಗ್ರಿಗಳ ಪಟ್ಟಿ ನೋಡಿ ಎದೆಗುಂದಿದವರಿಗೆ ಈ ಅಜ್ಜಿಯ ನೆನಪು ಇರಲಿ ಎಂದಷ್ಟೇ.

ಊಟ, ನೀರು, ಇಂಧನ ಬಿಟ್ಟು ಚೀಲದ ತೂಕ 9 ಕಿಲೋ ಒಳಗಿದ್ದರೆ ಚೆನ್ನಾಗಿಯೇ ನಡೆಯಬಹುದು. ಒಟ್ಟು ಹೊರೆ ದೇಹದ ತೂಕದ ಐದನೇ ಒಂದು ಭಾಗವನ್ನು ಮೀರದಿದ್ದರೆ ಒಳ್ಳೆಯದು. ತೂಕ ಇಳಿಸಲು ಹೊರಟವರು ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸುವ ಮೊದಲು ಮೂರು ದೊಡ್ಡ ವಸ್ತುಗಳನ್ನು ತೂಗಿ ನೋಡಲಿ: ಟೆಂಟ್, ಸ್ಲೀಪಿಂಗ್ ಬ್ಯಾಗ್, ಖಾಲಿ ಚೀಲ. ಬದಲಾವಣೆಗೆ ಅವಕಾಶ ಇರುವುದು ಅಲ್ಲೇ.

ಸ್ಲೀಪಿಂಗ್ ಬ್ಯಾಗಿನ ಮೇಲೆ ಸಾಮಾನ್ಯವಾಗಿ ಎರಡು ಉಷ್ಣಾಂಶ ಬರೆದಿರುತ್ತಾರೆ, ಒಂದು ಹಿತವಾಗಿ ಮಲಗಬಹುದಾದದ್ದು, ಇನ್ನೊಂದು ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದದ್ದು. ಮಾರುವವರು ಎರಡನೆಯದನ್ನು ದೊಡ್ಡದಾಗಿ ಅಚ್ಚು ಹಾಕಿಸಿರಬಹುದು. ನೀವು ಮೊದಲನೆಯದನ್ನು ನೋಡಿ ಕೊಳ್ಳಿ. ಕೆಳಗಿನ ಮ್ಯಾಟ್‌ ಅನ್ನು ಕಡೆಗಣಿಸಬೇಡಿ. ಮೈಭಾರಕ್ಕೆ ಒತ್ತಿಹೋದ ಬ್ಯಾಗಿನ ತಳ ಬೆಚ್ಚಗಿಡುವುದಿಲ್ಲ, ನೆಲದ ಚಳಿಯನ್ನು ತಡೆಯುವುದು ಮ್ಯಾಟ್.

ಬಟ್ಟೆ ಮೂರು ಪದರದಲ್ಲಿರಲಿ. ಮೈಗೆ ಅಂಟಿ ಬೆವರು ಹೀರಿ ಬೇಗ ಒಣಗುವುದು, ಅದರ ಮೇಲೆ ಬೆಚ್ಚಗಿಡುವುದು, ಎಲ್ಲಕ್ಕಿಂತ ಮೇಲೆ ಗಾಳಿ ಮಳೆ ತಡೆಯುವುದು. ಹತ್ತಿ ಬಟ್ಟೆ ಒದ್ದೆಯಾದರೆ ಬೇಗ ಒಣಗದು, ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಒಳಮೈಯ ಉಷ್ಣಾಂಶ 35 ಡಿಗ್ರಿಗಿಂತ ಕೆಳಗೆ ಇಳಿಯುವ ಅಪಾಯಕ್ಕೆ ಹಿಮಪಾತವೇ ಬೇಕಿಲ್ಲ, 10 ಡಿಗ್ರಿಯ ಗಾಳಿಮಳೆಯಲ್ಲಿ ನೆನೆದ ಅಂಗಿ ಸಾಕು. ಮಲಗಲು ಒಂದು ಜೊತೆ ಒಣಬಟ್ಟೆಯನ್ನು ನೀರು ಹೋಗದ ಚೀಲದಲ್ಲಿ ಬೇರೆಯಾಗಿ ಇಡಿ. ನಡೆಯುವಾಗ ಎಷ್ಟೇ ಆಸೆಯಾದರೂ ಅದನ್ನು ತೊಡಬೇಡಿ.

ಕೊನೆಗೂ ಶೂ. ನಡೆಯುತ್ತ ಪಾದ ಊದುವುದರಿಂದ ಅರ್ಧ ಅಳತೆ ದೊಡ್ಡದು ಕೊಳ್ಳಿ, ಸಂಜೆಯ ಹೊತ್ತು ಹಾಕಿ ನೋಡಿ, ತಯಾರಿಯ ನಡಿಗೆಗಳನ್ನೆಲ್ಲ ಅದರಲ್ಲೇ ನಡೆಯಿರಿ. ಹಾದಿಯಲ್ಲಿ ಹಿಮ್ಮಡಿಯೋ ಬೆರಳೋ ಬಿಸಿಯಾದಂತೆ ಅನಿಸಿದ ಕೂಡಲೇ ನಿಂತು ಟೇಪ್ ಹಚ್ಚಿ. ಗುಳ್ಳೆ ಎದ್ದ ಮೇಲೆ ಹಚ್ಚುವುದು ಬರೀ ಸಮಾಧಾನ.

ಎಲ್ಲ ಕೂಡಿಸಿಕೊಂಡ ಮೇಲೆ ಒಂದು ರಾತ್ರಿ ಹೊರಗೆ, ಮಳೆ ಬರುವ ದಿನವಾದರೆ ಇನ್ನೂ ಒಳ್ಳೆಯದು, ಅದೇ ಟೆಂಟಿನಲ್ಲಿ ಮಲಗಿ, ಅದೇ ಒಲೆಯಲ್ಲಿ ಅಡುಗೆ ಮಾಡಿ. ಏನು ಕಡಿಮೆ, ಏನು ಹೆಚ್ಚು ಎಂಬುದು ಆ ಒಂದು ರಾತ್ರಿಯಲ್ಲಿ ಗೊತ್ತಾಗುತ್ತದೆ.

8. ಎತ್ತರದ ಲೆಕ್ಕ

ಹಾದಿ 2,500 ಮೀಟರ್ ದಾಟುವುದಾದರೆ ಮಾತ್ರ ಈ ಭಾಗ ಬೇಕು. ಆದರೆ ಬೇಕಾದಾಗ ಇದು ಉಳಿದೆಲ್ಲಕ್ಕಿಂತ ಮುಖ್ಯ. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಇಳಿದು ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ದೇಹ ಅದಕ್ಕೆ ಹೊಂದಿಕೊಳ್ಳಬಲ್ಲದು, ಸಮಯ ಕೊಟ್ಟರೆ. 3,000 ಮೀಟರಿನ ಮೇಲೆ ಮಲಗುವ ಜಾಗದ ಎತ್ತರವನ್ನು ರಾತ್ರಿಯಿಂದ ರಾತ್ರಿಗೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ಹಗಲಿನಲ್ಲಿ ಇನ್ನೂ ಮೇಲೆ ಹತ್ತಿ ಇಳಿದು ಬಂದರೆ ಅಡ್ಡಿಯಿಲ್ಲ. ಲೆಕ್ಕಕ್ಕೆ ಬರುವುದು ನಿದ್ದೆಯ ಎತ್ತರ. ನೇಪಾಳದ ಅನ್ನಪೂರ್ಣ ಪರ್ವತಗಳ ಸುತ್ತಿನ ಹಾದಿಯಲ್ಲಿರುವ ಥೋರೊಂಗ್ ಕಣಿವೆಮಾರ್ಗ 5,416 ಮೀಟರ್ ಎತ್ತರದಲ್ಲಿದೆ. ಅದನ್ನು ದಾಟುವವರು ಸುಮಾರು 3,500 ಮೀಟರಿನಲ್ಲಿರುವ ಮನಾಂಗ್ ಊರಿನಲ್ಲಿ ಒಂದು ದಿನ ಹೆಚ್ಚಾಗಿ ನಿಲ್ಲುವುದು ಸೋಮಾರಿತನದಿಂದಲ್ಲ.

ತಲೆನೋವಿನ ಜೊತೆಗೆ ವಾಕರಿಕೆ, ಊಟ ಸೇರದಿರುವುದು, ತಲೆಸುತ್ತು, ವಿಪರೀತ ಸುಸ್ತು ಕಂಡರೆ ಬೇರೆ ಕಾರಣ ಸಾಬೀತಾಗುವವರೆಗೂ ಅದನ್ನು ಎತ್ತರದ ಕಾಯಿಲೆ ಎಂದೇ ತಿಳಿಯಿರಿ. ಆಗ ಇನ್ನೂ ಮೇಲೆ ಹತ್ತಬಾರದು. ವಾಸಿಯಾಗದಿದ್ದರೆ ಇಳಿಯಬೇಕು. ನೇರ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಯಲಾಗದೆ ತೂರಾಡುವುದು, ಗೊಂದಲದ ಮಾತು, ಸುಮ್ಮನೆ ಕೂತಾಗಲೂ ಏದುಸಿರು ಮತ್ತು ಕೆಮ್ಮು ಕಂಡರೆ ಬೆಳಕು ಹರಿಯಲಿ ಎಂದು ಕಾಯದೆ ತಕ್ಷಣ ಕೆಳಗೆ ಕರೆದೊಯ್ಯಬೇಕು. ಮಿದುಳಿನಲ್ಲೋ ಶ್ವಾಸಕೋಶದಲ್ಲೋ ನೀರು ಸೇರುತ್ತಿರುವ ಲಕ್ಷಣ ಅದು, ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಗಟ್ಟಿ ದೇಹದ ಯುವಕರಿಗೆ ಇದು ಬರುವುದಿಲ್ಲ ಎಂಬುದು ಸುಳ್ಳು. ಬೇಗ ಬೇಗ ಹತ್ತುವವರು ಅವರೇ ಆದ್ದರಿಂದ ಅವರಿಗೇ ಅಪಾಯ ಹೆಚ್ಚು. ತಡೆಗಟ್ಟುವ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳಬೇಡಿ.

9. ಹಾದಿಯಲ್ಲಿ ಪಾಲಿಸಬೇಕಾದ ಗಡಿಯಾರ

ಬೇಸಿಗೆಯ ಬೆಟ್ಟಗಳಲ್ಲಿ ಮಿಂಚು ಗುಡುಗು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಏಣು ಮತ್ತು ಕಣಿವೆಮಾರ್ಗಗಳನ್ನು ಮಧ್ಯಾಹ್ನದೊಳಗೆ ದಾಟಿ ಇಳಿದಿರಬೇಕು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆ ಎಂದರ್ಥ. ತಕ್ಷಣ ಎತ್ತರದಿಂದ ಇಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಹಿಮ ಕರಗಿ ಹರಿಯುವ ತೊರೆಗಳು ಮುಂಜಾನೆ ತಗ್ಗಿರುತ್ತವೆ, ಮಧ್ಯಾಹ್ನಕ್ಕೆ ಉಕ್ಕುತ್ತವೆ. ದಾಟುವುದಿದ್ದರೆ ಬೆಳಿಗ್ಗೆಯೇ ದಾಟಿ, ಚೀಲದ ಸೊಂಟದ ಮತ್ತು ಎದೆಯ ಪಟ್ಟಿಗಳನ್ನು ಬಿಚ್ಚಿಕೊಂಡು ದಾಟಿ, ಬಿದ್ದರೆ ಚೀಲದಿಂದ ಕಳಚಿಕೊಳ್ಳಬಹುದು.

ಪ್ರತಿ ಬೆಳಿಗ್ಗೆ ಹೊರಡುವಾಗ ಅಂದಿನ ತಿರುಗುವ ಗಳಿಗೆಯನ್ನು ಗಟ್ಟಿಯಾಗಿ ಹೇಳಿಕೊಳ್ಳಿ: ‘ಹನ್ನೆರಡು ಗಂಟೆಗೆ ಮೇಲೆ ತಲುಪಿರದಿದ್ದರೆ ಎಲ್ಲಿದ್ದರೂ ವಾಪಸು.’ ಮೇಲೆ ಹೋದ ಮೇಲೆ ಅದರ ಬಗ್ಗೆ ಚರ್ಚೆ ಇಲ್ಲ.

ಮೊಬೈಲನ್ನು ಏರೋಪ್ಲೇನ್ ಮೋಡ್‌ನಲ್ಲಿ ಇಟ್ಟರೂ ಜಿಪಿಎಸ್ ಕೆಲಸ ಮಾಡುತ್ತದೆ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು ಅಷ್ಟೇ. ಚಳಿಗೆ ಬ್ಯಾಟರಿ ಬೇಗ ಬರಿದಾಗುವುದರಿಂದ ಫೋನ್ ಮತ್ತು ಪವರ್ ಬ್ಯಾಂಕ್ ರಾತ್ರಿ ಮೈಗೆ ಹತ್ತಿರವಿರಲಿ. ಕಾಗದದ ನಕ್ಷೆ, ದಿಕ್ಸೂಚಿ, ಹಣೆಗೆ ಕಟ್ಟುವ ಟಾರ್ಚ್, ಸೀಟಿ ಪ್ರತಿಯೊಬ್ಬರ ಬಳಿಯೂ ಬೇಕು. ಆಲ್ಪ್ಸ್‌ನಲ್ಲಿ ರೂಢಿಯಲ್ಲಿರುವ ಅಪಾಯದ ಸಂಕೇತ ನಿಮಿಷಕ್ಕೆ ಆರು ಸಲ ಸೀಟಿ, ಒಂದು ನಿಮಿಷ ಬಿಡುವು, ಮತ್ತೆ ಆರು. ಉಪಗ್ರಹ ಸಂದೇಶ ಸಾಧನ ಒಯ್ಯುವವರು ಆ ದೇಶದ ಕಾನೂನು ನೋಡಿಕೊಳ್ಳಿ, ಕೆಲವೆಡೆ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ.

ಮಲವಿಸರ್ಜನೆಗೆ ನೀರಿನಿಂದ, ಹಾದಿಯಿಂದ ಕನಿಷ್ಠ 60 ಮೀಟರ್ ದೂರದಲ್ಲಿ 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ ಮುಚ್ಚಿ. ಕಾಗದವನ್ನು ಚೀಲದಲ್ಲಿ ಹಾಕಿ ವಾಪಸು ತನ್ನಿ.

10. ಮನೆಯಲ್ಲಿ ಬಿಟ್ಟುಹೋಗುವ ಹಾಳೆ

ಜವಾಬ್ದಾರಿಯಿರುವ ಒಬ್ಬರ ಕೈಗೆ ಒಂದು ಹಾಳೆ ಕೊಟ್ಟು ಹೊರಡಿ. ಅದರಲ್ಲಿ ದಿನವಾರು ತಂಗುವ ಜಾಗಗಳು, ಗುರುತಿಸಿದ ಹೊರದಾರಿಗಳು, ಜೊತೆಗಿರುವವರ ಹೆಸರು ಮತ್ತು ರಕ್ತದ ಗುಂಪು, ಟೆಂಟ್ ಹಾಗೂ ಮೇಲಂಗಿಯ ಬಣ್ಣ, ಆ ಪ್ರದೇಶದ ರಕ್ಷಣಾ ತಂಡದ ಸಂಖ್ಯೆ ಇರಲಿ. ಎಲ್ಲಕ್ಕಿಂತ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ದಿನಾಂಕ ಮತ್ತು ಸಮಯ: ಆ ಹೊತ್ತಿನೊಳಗೆ ನಿಮ್ಮಿಂದ ಕರೆ ಬರದಿದ್ದರೆ ಅವರು ರಕ್ಷಣಾ ತಂಡಕ್ಕೆ ಕರೆ ಮಾಡಬೇಕು, ಇನ್ನೂ ಸ್ವಲ್ಪ ಕಾಯೋಣ ಎಂದು ಕೂರಬಾರದು. ಖಾಲಿ ದಿನವನ್ನೂ ಸೇರಿಸಿ ಈ ಸಮಯವನ್ನು ಗೊತ್ತುಮಾಡಿ, ಇಲ್ಲವಾದರೆ ಒಂದು ಮಳೆಯ ದಿನ ಟೆಂಟಿನಲ್ಲಿ ಸುಖವಾಗಿ ಮಲಗಿರುವವರನ್ನು ಹುಡುಕಿಕೊಂಡು ಹೆಲಿಕಾಪ್ಟರ್ ಬಂದೀತು. ನಡುವೆ ಹಾದಿ ಬದಲಾಯಿಸಿದರೆ ಸಂಪರ್ಕ ಸಿಗುವ ಮೊದಲ ಜಾಗದಿಂದಲೇ ಅವರಿಗೆ ತಿಳಿಸಿ. ಕೊನೆಯ ದಿನ ರಸ್ತೆ ಮುಟ್ಟಿದ ಕೂಡಲೇ, ಊಟಕ್ಕೆ ಕೂರುವ ಮೊದಲು, ಕರೆ ಮಾಡಿ.